ಮುಂದಿನವಳ ಮೊದಲ ಹೊಲಿಗೆ

ಬೆಳಿಗ್ಗೆ ಎಂಟು ಗಂಟೆಗೆ ಹಾಲಮ್ಮ ಕುರ್ಚಿಯಲ್ಲಿ ಕೂತು, ಮೊದಲು ಬಲಗೈಗೆ, ಆಮೇಲೆ ಎಡಗೈಗೆ ಕೈಗವಸು ತೊಟ್ಟಳು. ತೊಟ್ಟೊಡನೆ ಬೆರಳ ತುದಿಗೆ ಚಳಿ ತಾಕಿತು. ಅವಳ ಮೈ ದಾವಣಗೆರೆಯಲ್ಲಿ, ಬಾಗಿಲು ಹಾಕಿದ್ದ ಹತ್ತಿ ಗಿರಣಿಯ ದೊಡ್ಡ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ ಬೆವರುತ್ತಿತ್ತು. ಕೈ ಮಾತ್ರ ಸುಮಾರು ಮೂರು ಸಾವಿರ ಕಿಲೋಮೀಟರ್ ಉತ್ತರಕ್ಕೆ, ಪಾಮೀರ್ ಪರ್ವತದ ಒಂದು ಹಿಮನದಿಯ ಮೇಲಿತ್ತು.

ಅಲ್ಲಿ ಅವಳ ಬೆರಳು ಕಬ್ಬಿಣದ್ದು. ಹಿಮದ ಮೇಲೆ ಜಾರುವ ಒಂದು ಗಾಡಿ, ಅದರ ಮೇಲೆ ಎರಡು ತೋಳು, ಒಂದು ದಪ್ಪ ಸೂಜಿ, ಸುತ್ತಿಟ್ಟ ದಾರ. ಇಲ್ಲಿ ಅವಳು ಬೆರಳು ಮಡಚಿದರೆ ಅಲ್ಲಿ ತೋಳು ಮಡಚುತ್ತಿತ್ತು. ಅಲ್ಲಿ ದಾರ ಬಿಗಿದರೆ ಇಲ್ಲಿ ಅವಳ ಬೆರಳಿಗೆ ಆ ಬಿಗಿ ತಿಳಿಯುತ್ತಿತ್ತು. ಆ ಗಾಡಿಗೆ ನೂರಾ ಹದಿನೆಂಟನೇ ನಂಬರು.

ಹೊಲಿಯಬೇಕಾದದ್ದು ಬೆಟ್ಟದಷ್ಟು ಅಗಲದ ಬಿಳಿ ಬಟ್ಟೆ. ಬಿಸಿಲಿಗೆ ಹಿಮ ಕರಗದಂತೆ ಬೇಸಿಗೆಯಲ್ಲಿ ಹಿಮನದಿಗೆ ಹೊದಿಸುವ ಹೊದಿಕೆ. ಹೊದಿಸುವುದಕ್ಕೆ ಯಂತ್ರಗಳು ಸಾಕಾಗಿದ್ದವು. ಗಾಳಿ ದಿನಾ ಹರಿಯುತ್ತಿದ್ದುದನ್ನು ಕೂಡಿಸುವುದಕ್ಕೆ ಮಾತ್ರ ಯಂತ್ರಕ್ಕೆ ಬರಲಿಲ್ಲ. ಒಂದು ಹರಿದ ಜಾಗ ಇನ್ನೊಂದರ ಹಾಗಿರುವುದಿಲ್ಲ. ಅದಕ್ಕೆ ಮನುಷ್ಯರ ಕೈ ಬೇಕು, ಅದರಲ್ಲೂ ಎಳೆಯ ಜೊತೆ ಬದುಕಿದ ಕೈ.

ಅಂಥ ಕೈಗಳು ಆ ವರ್ಷಗಳಲ್ಲಿ ಜಗತ್ತಿನ ತುಂಬ ಖಾಲಿ ಕೂತಿದ್ದವು. ಆರ್ಥಿಕ ಹಿಂಜರಿತ ಮೊದಲು ಬಂದರುಗಳನ್ನು ನಿಲ್ಲಿಸಿತು, ಆಮೇಲೆ ಗಿರಣಿಗಳನ್ನು, ಆಮೇಲೆ ಗಿರಣಿಯ ಮುಂದಿನ ಚಹಾದಂಗಡಿಗಳನ್ನು. ಯಾವ ದೇಶಕ್ಕೂ ಒಂಟಿಯಾಗಿ ಎದ್ದು ನಿಲ್ಲಲಾಗಲಿಲ್ಲ. ಕೊನೆಗೆ ನಲವತ್ತು ದೇಶಗಳು ಸೇರಿ ಸಮಪಾಲು ಒಪ್ಪಂದ ಮಾಡಿಕೊಂಡವು. ಹಣವಿದ್ದವರು ಗಾಡಿಗಳನ್ನೂ ಉಪಗ್ರಹಗಳನ್ನೂ ಕೊಟ್ಟರು, ಹಿಮವಿದ್ದವರು ಜಾಗ ಕೊಟ್ಟರು, ಕೆಲಸ ಕಳೆದುಕೊಂಡವರು ಕೈ ಕೊಟ್ಟರು. ಒಂದೊಂದು ಗಾಡಿಯನ್ನು ಮೂರು ಊರಿನ ಮೂವರಿಗೆ ಹಂಚಿದರು. ದಾವಣಗೆರೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ. ಇಲ್ಲಿ ನಾಲ್ಕಾದಾಗ ಪೋರ್ಚುಗಲ್ಲಿನ ಒಂದು ಉಣ್ಣೆ ಗಿರಣಿಯ ಊರಲ್ಲಿ ಇನ್ನೂ ಮಧ್ಯಾಹ್ನದ ಊಟವಾಗಿರುತ್ತಿರಲಿಲ್ಲ, ಅಲ್ಲಿಯವರು ಕೂರುತ್ತಿದ್ದರು. ಅವರು ಎದ್ದಾಗ ಮೆಕ್ಸಿಕೋದ ಒಂದು ಊರಿನವರು. ಅವರು ಎದ್ದಾಗ ಮತ್ತೆ ದಾವಣಗೆರೆಯ ಎಂಟು ಗಂಟೆ. ಹೀಗೆ ಒಂದು ಕೆಲಸ ಮೂರು ಮನೆಯ ಒಲೆ ಹಚ್ಚುತ್ತಿತ್ತು.

ಹಾಲಮ್ಮನ ಜೊತೆ ಆ ಹಾಲ್‌ನಲ್ಲಿ ಒಟ್ಟು ಅರವತ್ತನಾಲ್ಕು ಮಂದಿ. ಎಲ್ಲರೂ ಹಳೇ ಗಿರಣಿಯವರು, ನೂಲಿನ ಯಂತ್ರದಲ್ಲಿ ಕಡಿದ ಎಳೆ ಕೂಡಿಸಿ ಕೂಡಿಸಿ ಬೆರಳು ಸವೆಸಿಕೊಂಡವರು. ಹಿಮದ ಹೊದಿಕೆ ಅನ್ನುವ ಸರಕಾರಿ ಹೆಸರು ಅವರ ಬಾಯಿಗೆ ಹತ್ತಲಿಲ್ಲ. ಅದನ್ನು ಅವರು ಕೌದಿ ಅನ್ನುತ್ತಿದ್ದರು.

“ಇವತ್ತು ಕೌದಿ ಭಾಳ ಹರದೈತೆ ಕಣೆ ಹಾಲಮ್ಮ,” ಅಂದಳು ಪಕ್ಕದ ಕುರ್ಚಿಯ ಮೆಹಬೂಬಿ. “ರಾತ್ರಿಯೆಲ್ಲ ಗಾಳಿ ಬೀಸೈತೆ. ನಂದು ಮೊಳಕಾಲುದ್ದ ಬಾಯಿ ಬಿಟ್ಕಂಡು ಕುಂತೈತೆ, ನಮ್ಮತ್ತಿ ಥರ.”

“ನಿಮ್ಮತ್ತಿನ ಹೊಲೀಬೇಡ ಮತ್ತೆ. ಕೌದಿ ಹೊಲಿ,” ಅಂದಳು ಹಾಲಮ್ಮ.

ಸಂಜೆ ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೈಯಲ್ಲಿದ್ದ ಹೊಲಿಗೆ ಮುಗಿಯಿತು. ಎದ್ದುಬಿಡಬಹುದಿತ್ತು. ಹಾಲಮ್ಮ ಏಳಲಿಲ್ಲ. ಗಾಡಿಯನ್ನು ಮುಂದಿನ ಹರಿದ ಜಾಗಕ್ಕೆ ಸರಿಸಿ, ಅಂಚಿಗೆ ಅಂಚು ತಂದು, ಒಂದೇ ಒಂದು ಹೊಲಿಗೆ ಹಾಕಿ, ದಾರವನ್ನು ಬಿಗಿಯಾಗಿ ಹಿಡಿಸಿ ಬಿಟ್ಟಳು. ಆಮೇಲೆ ಕೈಗವಸು ಕಳಚಿ ಕಣ್ಣಿಗೊತ್ತಿಕೊಂಡಳು.

ಇದು ಅವಳು ಅವ್ವನಿಂದ ಕಲಿತದ್ದು. ಅವ್ವನೂ ಗಿರಣಿಯವಳು. ಪಾಳಿ ಬದಲಾಗುವಾಗ, ಬರುವವಳು ನೋಡಿಕೊಳ್ಳುವ ಯಂತ್ರದ ಬದಿಯಲ್ಲಿ ಕಡಿದ ಮೊದಲ ಎಳೆಯನ್ನು ಹೋಗುವವಳು ಕೂಡಿಸಿಟ್ಟು ಹೋಗಬೇಕು. “ಬರೋಳಿಗೆ ಕೆಲ್ಸ ಸುರುವಾಗಿರೋದು ಕಾಣ್ಬೇಕು ಕಣವ್ವ. ಸುರು ಮಾಡೋದೇ ಬ್ಯಾಸರ,” ಅನ್ನುತ್ತಿದ್ದಳು. ಹಾಲಮ್ಮ ಮೊದಲ ತಿಂಗಳೇ ಇದನ್ನು ಇಲ್ಲಿ ಮಾಡಿದಳು. ನೋಡಿದ ಮೆಹಬೂಬಿ ಮಾಡಿದಳು. ಆಮೇಲೆ ಅರವತ್ತನಾಲ್ಕು ಮಂದಿಯೂ. ಯಾರೂ ಅದರ ಬಗ್ಗೆ ಮಾತಾಡಿರಲಿಲ್ಲ, ದೀಪ ಹಚ್ಚುವಾಗ ಮಾತಾಡದ ಹಾಗೆ.

*

ಮನೆಯಲ್ಲಿ ಕೊಟ್ರಪ್ಪ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ. ಹೆಂಡತಿಯ ಸಪ್ಪಳ ಕೇಳಿ ತಿರುಗದೆಯೇ ಅಂದ, “ಬಂದ್ಯಾ? ನಿನ್ ಕೈ ಪರದೇಶದಾಗೆ, ನನ್ ಕೈ ಒಗ್ಗರಣಿಯಾಗೆ. ಏನ್ ಕಾಲ ಬಂತಪ್ಪ!”

ಅವನು ಗಿರಣಿಯಲ್ಲಿ ಯಂತ್ರ ಬಿಚ್ಚಿ ಜೋಡಿಸುವ ಫಿಟ್ಟರ್ ಆಗಿದ್ದ. ಗಿರಣಿ ಮುಚ್ಚಿದ ಮೇಲೆ ಹದಿನೈದು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಕರೆದರೆ ‘ಹೂಂ’ ಅನ್ನುತ್ತಿದ್ದ, ಅಷ್ಟೇ. ಮನೆಯಲ್ಲಿ ಒಪ್ಪೊತ್ತಿನ ಊಟವಿದ್ದ ದಿನಗಳು ಅವು. ಹಾಲಮ್ಮನಿಗೆ ಕುರ್ಚಿ ಸಿಕ್ಕ ಮರುದಿನ, ಬೆಳಿಗ್ಗೆ ಐದಕ್ಕೆ ಎದ್ದು ಅವಳಿಗೆ ಬುತ್ತಿ ಕಟ್ಟಿದ. ಅಂದು ಅವನು ಮಾಡಿದ ರೊಟ್ಟಿ ಒಂದೂ ದುಂಡಗಿರಲಿಲ್ಲ. ಹಾಲಮ್ಮ ಅದನ್ನು ತಿಂದು, ಊಟದ ಹೊತ್ತಲ್ಲಿ ಗೋಡೆಯ ಮರೆಗೆ ಹೋಗಿ ಅತ್ತಿದ್ದಳು. ಆ ಕುರ್ಚಿ ಅವಳಿಗೆ ಎಂಥದ್ದು ಅನ್ನುವುದು ಅವಳಿಗೊಬ್ಬಳಿಗೇ ಗೊತ್ತು. ಅದು ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ, ಆ ಗೋಡೆ ಮತ್ತೆ ಬರುತ್ತದೆ.

ಆಷಾಢದ ಎರಡನೇ ವಾರ ಒಪ್ಪಂದದ ಮಂಡಳಿಯಿಂದ ಕಾಗದ ಬಂತು. ಹಾಲ್ ನೋಡಿಕೊಳ್ಳುತ್ತಿದ್ದ ತಿಪ್ಪೇಸ್ವಾಮಿ ಅದನ್ನು ಊಟದ ಹೊತ್ತಲ್ಲಿ ಓದಿದ. ಹಿಂದೆ ಗಿರಣಿಯ ಗುಮಾಸ್ತನಾಗಿದ್ದವನು. ಕೆಟ್ಟ ಸುದ್ದಿ ಓದಿ ಅಭ್ಯಾಸವಿತ್ತು.

ಮುಗಿಸಿದ ಹೊಲಿಗೆಗಳಿಗೆ ಊರೂರಿಗೆ ಕೊಡುವ ಅಂಕದಲ್ಲಿ, ಈ ಹಿಮನದಿಯ ಮೂರು ಊರುಗಳ ಪೈಕಿ ದಾವಣಗೆರೆಯದೇ ಎಲ್ಲಕ್ಕಿಂತ ಕಡಿಮೆ. ಕುರ್ಚಿಗಾಗಿ ಕಾಯುತ್ತಿರುವ ಊರುಗಳು ಇನ್ನೂರು. ಮೂವತ್ತು ದಿನದಲ್ಲಿ ಅಂಕ ಮೇಲೇಳದಿದ್ದರೆ ಅರವತ್ತನಾಲ್ಕು ಕುರ್ಚಿಗಳೂ ಪಟ್ಟಿಯ ಮೊದಲ ಊರಿಗೆ, ಫಿಜಿ ದ್ವೀಪದ ಒಂದು ಪಟ್ಟಣಕ್ಕೆ ಹೋಗುತ್ತವೆ.

“ಅಲ್ಲ, ನಾವೇನು ಕಡಿಮಿ ಮಾಡೀವಿ?” ಅಂದಳು ಮೆಹಬೂಬಿ. “ಉಚ್ಚೆಗೂ ಕೇಳಿ ಹೋಗ್ತೀವಿ.”

“ಕಾರಣ ಬರದಾರೆ,” ಅಂದ ತಿಪ್ಪೇಸ್ವಾಮಿ. “ದಿನಾ ಅರವತ್ನಾಲ್ಕು ಅಪೂರ್ಣ ಹೊಲಿಗೆ. ಸುರು ಮಾಡಿ ಬಿಟ್ಟು ಎದ್ದೀರಿ ಅಂತ. ಒಂದು ಅಪೂರ್ಣಕ್ಕೆ ನಾಕು ಪೂರ್ಣದ ಅಂಕ ಕಡೀತಾರಂತೆ. ಅದೆಂಗೆ, ಕುರ್ಚಿಗೊಂದೊಂದು? ಲೆಕ್ಕ ಹಾಕಿ ಬಿಟ್ಟಂಗೈತೆ!”

ಒಬ್ಬೊಬ್ಬರೇ ಹಾಲಮ್ಮನ ಕಡೆ ನೋಡಿದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಅಂದಳು, “ನಿಮ್ಮವ್ವ ಒಳ್ಳೇದೇ ಕಲಿಸ್ಯಾಳೆ, ಪುಣ್ಯಾತ್ಗಿತ್ತಿ. ಈಗ ಅದನ್ನ ಪೋರ್ಚುಗಲ್ಲಿನಾಕಿ ಬಂದು ನಮ್ ಗಂಗಾಳಕ್ಕೆ ಬಡಿಸ್ತಾಳೇನು?”

“ಸುಮ್ನಿರೆ,” ಅಂದಳು ಮೆಹಬೂಬಿ. ಆದರೆ ಅವಳೂ ಹಾಲಮ್ಮನ ಮುಖ ನೋಡಿ ಅನ್ನಲಿಲ್ಲ.

ಹಾಲಮ್ಮ ಬುತ್ತಿಯ ಮುಚ್ಚಳ ಹಾಕಿದಳು. “ನಾನೇ ಸುರು ಮಾಡಿದ್ದು. ನಾನೇ ಹೇಳ್ತೀನಿ. ಇವತ್ತಿಂದ ಯಾರೂ ಬಿಡಬ್ಯಾಡ್ರಿ. ಕೈಯಾಗಿಂದು ಮುಗಿದ್ರೆ ಗಾಡಿ ನಿಲ್ಸಿ ಏಳ್ರಿ.”

ಅಂದು ನಾಲ್ಕು ಗಂಟೆಗೆ ಅರವತ್ತನಾಲ್ಕು ಗಾಡಿಗಳೂ ಹರಿಯದ ಬಟ್ಟೆಯ ಮೇಲೆ ಸುಮ್ಮನೆ ನಿಂತವು. ಹಾಲಮ್ಮ ಕೈಗವಸು ಕಳಚಿದಳು. ಕಣ್ಣಿಗೊತ್ತಿಕೊಳ್ಳಲು ಯಾಕೋ ನಾಚಿಕೆಯಾಯಿತು.

*

ಹಿಮನದಿಯ ತಪ್ಪಲಿನ ಊರಲ್ಲಿ ನಿಯಂತ್ರಣ ಕೊಠಡಿಯಿತ್ತು. ಅಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಶೇಷಗಿರಿ ಹರಪನಹಳ್ಳಿಯವನು. ಐವತ್ತು ದಾಟಿತ್ತು. ಮಾತು ಕಡಿಮೆ. ಪರದೆಯ ಮೇಲೆ ಏರಿಳಿಯುವ ಗೆರೆಗಳನ್ನು ನೋಡುವುದಕ್ಕಿಂತ ಕೇಳುವುದು ಅವನಿಗೆ ಸಲೀಸು. ಆದ್ದರಿಂದ ಗಾಡಿಗಳ ದಾರದ ಬಿಗಿಯನ್ನು ನಾದವಾಗಿ ಬದಲಿಸಿ ಕಿವಿಗೆ ಹಾಕಿಕೊಳ್ಳುವ ಒಂದು ಏರ್ಪಾಡು ಮಾಡಿಕೊಂಡಿದ್ದ. ದಾರ ಬಿಗಿದರೆ ಸ್ವರ ಏರುತ್ತಿತ್ತು, ಸಡಿಲಿದರೆ ಇಳಿಯುತ್ತಿತ್ತು.

ಆ ಕೊಠಡಿಯ ಮುಖ್ಯಸ್ಥೆ ಗುಲ್ನೋರಾ ಅದೇ ಕಣಿವೆಯ ಹೆಂಗಸು. ಆ ಹಿಮದ ನೀರನ್ನೇ ಕುಡಿದು ಬೆಳೆದವಳು. ಒಂದು ಬೆಳಿಗ್ಗೆ ಅವಳು ಕೈಯಲ್ಲಿ ಚಹಾ ಬಟ್ಟಲು ಹಿಡಿದು ಬಂದಳು.

“ಶೇಷ್, ನಿನ್ನ ಊರ ಕಡೆಯವರ ಅಂಕ ಏರಿದೆ. ಸಂತೋಷವಾಯಿತೇ?”

“ಆಯಿತು.”

“ನನಗೆ ಆಗಲಿಲ್ಲ. ದಾವಣಗೆರೆ ಏರಿದೆ. ಪೋರ್ಚುಗಲ್ ಅದಕ್ಕಿಂತ ಹೆಚ್ಚು ಇಳಿದಿದೆ. ಒಟ್ಟಾರೆ ಹರಿದು ಬಿದ್ದಿರುವ ಬಟ್ಟೆ ಎಂಟು ದಿನದಲ್ಲಿ ಜಾಸ್ತಿಯಾಗಿದೆ. ಕೆಳಗೆ ಹಳ್ಳದಲ್ಲಿ ನೀರು ಕೆಸರಾಗಿ ಬರುತ್ತಿದೆ, ನೋಡಿ ಬಂದೆ. ಒಬ್ಬರು ಚೆನ್ನಾಗಿ ಮಾಡಿದರೆ ಇನ್ನೊಬ್ಬರು ಕೆಡುವುದು ಹೇಗೆ?”

ಶೇಷಗಿರಿ ಹಿಂದಿನ ತಿಂಗಳ ದಾಖಲೆಗಳನ್ನು ತೆಗೆದು ಕಿವಿಗೆ ಹಾಕಿಕೊಂಡ. ದಾವಣಗೆರೆಯವರು ಏಳುವ ಹೊತ್ತಿಗೆ, ಒಂದೊಂದು ಗಾಡಿಯಿಂದಲೂ ಒಂದು ಸ್ವರ ಹೊರಟು, ಅಲುಗದೆ, ಎಳೆದು ನಿಲ್ಲುತ್ತಿತ್ತು. ಅರವತ್ತನಾಲ್ಕು ತಂಬೂರಿ ಮೀಟಿ ಬಿಟ್ಟ ಹಾಗೆ. ಆ ಸ್ವರ ಇನ್ನೂ ನಿಂತಿರುವಾಗಲೇ ಪೋರ್ಚುಗಲ್ಲಿನವರು ಅದರೊಳಗೆ ಸೇರಿಕೊಳ್ಳುತ್ತಿದ್ದರು. ಈಚಿನ ದಾಖಲೆ ಹಾಕಿದ. ನಾಲ್ಕು ಗಂಟೆ. ಮೌನ. ಆಮೇಲೆ ಕಾಲು ಗಂಟೆ ತಡಕಾಟ. ಸ್ವರ ಏರುತ್ತದೆ, ಹರಿಯುತ್ತದೆ, ಮತ್ತೆ ಹುಡುಕುತ್ತದೆ.

ಅವನಿಗೆ ಅರ್ಥವಾಯಿತು. ಆ ಎತ್ತರದ ಗಾಳಿಯಲ್ಲಿ ಬಟ್ಟೆಯ ಬಿಗಿ ಗಂಟೆಗೊಂದು ಥರ ಇರುತ್ತದೆ. ಹೊಸ ಕೈ ಬಂದಾಗಲೆಲ್ಲ ಕೈಗವಸು ಆ ಬಿಗಿಯನ್ನು ಮೊದಲಿನಿಂದ ಕಲಿಯಬೇಕು. ಅಷ್ಟರಲ್ಲಿ ನಾಲ್ಕೈದು ಹೊಲಿಗೆ ಕಿತ್ತುಹೋಗುತ್ತವೆ. ಆದರೆ ಒಬ್ಬರು ಹಾಕಿದ ಒಂದು ಹೊಲಿಗೆ ಬಿಗಿಯಾಗಿ ನಿಂತಿದ್ದರೆ, ಬಂದವರ ಬೆರಳಿಗೆ ಅದೇ ಹೇಳಿಕೊಡುತ್ತದೆ: ಇಷ್ಟು ಎಳೆ, ಇದಕ್ಕಿಂತ ಹೆಚ್ಚು ಬೇಡ.

ಕಿವಿಯಿಂದ ಯಂತ್ರ ತೆಗೆದಾಗ ಶೇಷಗಿರಿಗೆ ತಂದೆ ನೆನಪಾದರು. ಅವನ ತಂದೆ ಮಠದ ಜಗಲಿಯಲ್ಲಿ ಕಾವ್ಯ ಓದುತ್ತಿದ್ದವರು. ದಿನದ ಓದು ಮುಗಿದರೂ ಪುಸ್ತಕ ಮುಚ್ಚುತ್ತಿರಲಿಲ್ಲ. ಮುಂದಿನ ಪದ್ಯದ ಮೊದಲ ಸಾಲನ್ನು ರಾಗವೆತ್ತಿ ಹಾಡಿ, ಆಮೇಲೆ ಮುಚ್ಚಿ ನಮಸ್ಕಾರ ಮಾಡುತ್ತಿದ್ದರು. ಯಾಕಪ್ಪ ಅರ್ಧಕ್ಕೆ ಬಿಡ್ತೀರಿ ಅಂತ ಇವನೊಮ್ಮೆ ಕೇಳಿದ್ದ. “ಅರ್ಧ ಅಲ್ಲಪ್ಪ, ನಾಳೇದು ಸುರುವಾತು,” ಅಂದಿದ್ದರು ಅವರು. “ನಾಳೆ ನಾನೇ ಓದ್ತೀನಂತ ಏನೈತೆ? ಯಾರು ಓದಿದ್ರೂ ಅವರಿಗೆ ರಾಗ ಸಿಗಬೇಕು.”

ಇದನ್ನೆಲ್ಲ ಗುಲ್ನೋರಾಗೆ ಹೇಳಿದ. ಅವಳು ಚಹಾ ತಣ್ಣಗಾಗುವ ತನಕ ಕೇಳಿದಳು.

“ನಾವು ಅದನ್ನು ದೋಷ ಅಂತ ಬರೆದಿದ್ದೇವೆ,” ಅಂದಳು.

“ಹೌದು.”

“ಮಂಡಳಿಗೆ ತಂಬೂರಿ ಕಥೆ ಹೇಳಿದರೆ ನಗುತ್ತಾರೆ ಶೇಷ್. ಅವರಿಗೆ ಇನ್ನೂ ಏನಾದರೂ ಬೇಕು.”

*

ಒಂಬತ್ತನೆಯ ದಿನ ಬೆಳಿಗ್ಗೆ ಎಂಟಕ್ಕೆ ಹಾಲಮ್ಮ ಕೈಗವಸು ತೊಟ್ಟಳು. ಚಳಿ ತಾಕಿತು. ಆಮೇಲೆ, ಅವಳು ಇನ್ನೂ ಬೆರಳು ಆಡಿಸುವ ಮೊದಲೇ, ಬಲಗೈ ತೋರುಬೆರಳಿಗೆ ಏನೋ ಎಳೆದಂತಾಯಿತು.

ದಾರ ಬಿಗಿಯಾಗಿ ನಿಂತಿತ್ತು. ಪರದೆಯಲ್ಲಿ ನೋಡಿದಳು. ಗಾಡಿ ಹೊಸದಾಗಿ ಹರಿದ ಒಂದು ಜಾಗದ ಮುಂದೆ ನಿಂತಿತ್ತು. ಅಂಚಿಗೆ ಅಂಚು ಸೇರಿತ್ತು. ನಡುವೆ ಒಂದೇ ಒಂದು ಹೊಲಿಗೆ. ಅವಳ ಹೊಲಿಗೆ ಅಲ್ಲ. ಅವಳದು ಬಲಕ್ಕೆ ಓರೆ. ಇದು ಎಡಕ್ಕೆ ಓರೆ.

ಮೆಕ್ಸಿಕೋದಾಕೆ ಎಡಚಿ ಅಂತ ಹಾಲಮ್ಮನಿಗೆ ಅಂದು ಮೊದಲ ಸಲ ಗೊತ್ತಾಯಿತು. ಎರಡು ಬೇಸಿಗೆ ಒಂದೇ ಗಾಡಿಯಲ್ಲಿ ದುಡಿದಿದ್ದರೂ ಅವಳ ಹೆಸರು ತಿಳಿಯದು, ಮುಖ ತಿಳಿಯದು. ಒಂದೂರಿನವರು ಇನ್ನೊಂದೂರಿನವರ ಜೊತೆ ಮಾತಾಡಲು ಒಪ್ಪಂದದಲ್ಲಿ ಯಾವ ದಾರಿಯೂ ಇರಲಿಲ್ಲ. ಆ ಹೆಂಗಸಿಗೂ ಅಂಕವುಂಟು, ಅವಳಿಗೂ ಒಂದು ಅಪೂರ್ಣಕ್ಕೆ ನಾಲ್ಕು ಕಡಿಯುತ್ತಾರೆ. ಆದರೂ ಬಿಟ್ಟು ಎದ್ದಿದ್ದಾಳೆ.

ಹಾಲಮ್ಮ ಆ ಹೊಲಿಗೆಯಿಂದಲೇ ಮುಂದುವರಿದಳು. ಸೂಜಿ ಒಂದು ಸಲವೂ ತಪ್ಪಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟು ಲೆಕ್ಕ ಹಾಕಿದಳು. ಅಂಕ ಈಗಷ್ಟೇ ಮೇಲೆದ್ದಿತ್ತು. ಗಡುವಿಗೆ ಇನ್ನೂ ಇಪ್ಪತ್ತೊಂದು ದಿನ. ಒಬ್ಬಳ ಅಪೂರ್ಣದಿಂದ ಅರವತ್ತನಾಲ್ಕು ಮನೆ ಮುಳುಗದು. ಆದರೆ ಅವಳು ಮಾಡಿದರೆ ಅವಳೊಬ್ಬಳೇ ಮಾಡಿದಂತಾಗುವುದಿಲ್ಲ, ಅದೂ ಗೊತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷ. ಕೈಯಲ್ಲಿದ್ದದ್ದು ಮುಗಿಯಿತು. ಹಾಲಮ್ಮ ಗಾಡಿಯನ್ನು ಮುಂದಿನ ಹರಿದ ಜಾಗಕ್ಕೆ ಸರಿಸಿದಳು.

“ಏಯ್ ಹಾಲಮ್ಮ!” ಮೆಹಬೂಬಿ ಪಿಸುಗುಟ್ಟಿದಳು. “ಏನ್ ಮಾಡ್ತೀಯ?”

“ಒಂದು ಹೊಲಿಗಿ ಹಾಕ್ತೀನಿ.”

“ನೀನೇ ಬ್ಯಾಡ ಅಂದಾಕಿ!”

“ಹೌದು, ನಾನೇ ಅಂದಾಕಿ. ನಂಗೆ ಇವತ್ತು ಮುಂಜಾನೆ ಒಬ್ಬಾಕಿ ಹಾಕಿಟ್ಟಿದ್ಲು ಮೆಹಬೂಬಿ. ಅದನ್ನ ಉಂಡು ನಾನು ಕೈ ತೊಳ್ಕಂಡು ಏಳ್ಲಾ?”

ಮೆಹಬೂಬಿಯ ಬೆರಳೂ ಆಡತೊಡಗಿತು. “ನಂಗೂ ಇಟ್ಟಾಳೆ ಕಣೆ,” ಅಂದಳು. “ಮೂರು ದಿನದಿಂದ. ನಿಂಗೆ ಹೇಳಿದ್ರೆ ನೀನು ಸುಮ್ನಿರಲ್ಲ ಅಂತ ಬಾಯಿ ಮುಚ್ಕಂಡಿದ್ದೆ.”

ಹಿಂದಿನ ಸಾಲಿನವಳು, ಗಂಗಾಳದ ಮಾತಾಡಿದವಳು, ಕತ್ತು ಚಾಚಿದಳು. “ನಿನಗಷ್ಟೇ ಅಲ್ಲ ತಗೋ. ನಂದು ನಾಕು ದಿನ ಆತು.”

ಹಾಲ್ ತುಂಬ ನಗೆಯೆದ್ದಿತು. ಯಾರು ಯಾರಿಗೆ ಮುಚ್ಚಿಟ್ಟಿದ್ದರು ಅನ್ನುವುದು ಒಂದೊಂದೇ ಹೊರಬಿತ್ತು. ತಿಪ್ಪೇಸ್ವಾಮಿ ಓಡಿ ಬಂದ. “ಏನ್ರವ್ವ ಇದು? ನನ್ನ ನೌಕ್ರಿನೂ ತಿಂದ್ರಲ್ರೆ!” ಅಂತ ಹಣೆ ಹಣೆ ಬಡಿದುಕೊಂಡ. ಅಷ್ಟರಲ್ಲಿ ನಾಲ್ಕು ಬಡಿಯಿತು.

ತಪ್ಪಲಿನ ಊರಲ್ಲಿ ಶೇಷಗಿರಿಯ ಕಿವಿಗೆ ಒಂದು ಸ್ವರ ಬಂತು. ನಂಬರು ನೂರಾ ಹದಿನೆಂಟು. ಆಮೇಲೆ ಪಕ್ಕದ್ದು. ಆಮೇಲೆ ಎಣಿಸುವುದಕ್ಕಾಗದಷ್ಟು.

*

ನಡೆದದ್ದೇನು ಅಂತ ದಾಖಲೆಗಳನ್ನು ಹಿಂದಕ್ಕೆ ಕೇಳುತ್ತ ಹೋದಾಗ ತಿಳಿಯಿತು. ದಾವಣಗೆರೆಯವರು ನಿಲ್ಲಿಸಿದ ಮೇಲೆಯೇ ಪೋರ್ಚುಗಲ್ಲಿನವರಿಗೆ ತಮಗೆ ಸಿಗುತ್ತಿದ್ದದ್ದು ಏನೆಂದು ಗೊತ್ತಾಗಿತ್ತು. ಎರಡು ದಿನ ತಡಕಾಡಿ, ಮೂರನೆಯ ದಿನ ಅಲ್ಲಿ ಯಾರೋ ಒಬ್ಬಳು ತಾನು ಏಳುವಾಗ ಮೆಕ್ಸಿಕೋದವಳಿಗಾಗಿ ಒಂದು ಹೊಲಿಗೆ ಹಾಕಿ ಬಿಟ್ಟಿದ್ದಳು. ಅದನ್ನು ಪಡೆದ ಮೆಕ್ಸಿಕೋದವರು ದಾವಣಗೆರೆಗೆ ಬಿಟ್ಟರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಪಾಳಿಯ ಸುತ್ತು ಹಿಂದಕ್ಕೆ ತಿರುಗುವುದಿಲ್ಲ. ಆದ್ದರಿಂದ ಆ ಹೊಲಿಗೆ ಮುಂದಕ್ಕೇ ಹೋಗಿ, ಭೂಮಿಯನ್ನು ಒಂದು ಸುತ್ತು ಬಂದಿತ್ತು.

ಆ ಗಡುವಿನ ಕೊನೆಗೆ ಮೂರೂ ಊರುಗಳು ಎಲ್ಲ ಹಿಮನದಿಗಳ ಅಂಕಪಟ್ಟಿಯ ತಳದಲ್ಲಿದ್ದವು. ಅದೇ ಹೊತ್ತಿಗೆ ಆ ಹಿಮನದಿಯ ಮೇಲೆ ಹರಿದ ಬಟ್ಟೆ ಹಿಂದೆಂದಿಗಿಂತ ಕಡಿಮೆಯಿತ್ತು. ಗುಲ್ನೋರಾ ಮಂಡಳಿಯ ಮುಂದೆ ಎರಡೇ ಚಿತ್ರ ಇಟ್ಟಳು: ಒಂದು ಅಂಕಪಟ್ಟಿ, ಇನ್ನೊಂದು ಹಳ್ಳದ ನೀರು. ನೀರು ತಿಳಿಯಾಗಿತ್ತು.

“ನೀವು ಹೆಂಗಸರನ್ನು ಅಳೆದಿರಿ,” ಅಂದಳು. “ನಾನು ಬಟ್ಟೆಯನ್ನು ಅಳೆದು ತಂದಿದ್ದೇನೆ. ಯಾವುದನ್ನು ನಂಬುತ್ತೀರಿ ಹೇಳಿ.”

ಮಂಡಳಿ ಬಟ್ಟೆಯನ್ನೇ ನಂಬಿತು. ಊರಿಂದ ಊರಿಗೆ ಹೋಲಿಸುವ ಅಂಕ ನಿಂತಿತು. ಆದರೆ ಸಭೆಯಲ್ಲಿ ಒಬ್ಬರು ಮೆಲ್ಲಗೆ ಕೇಳಿದರು: “ಇವರನ್ನು ತೆಗೆಯುವುದಿಲ್ಲ, ಸರಿ. ಫಿಜಿಯವರಿಗೆ ಏನು ಹೇಳೋಣ? ಅವರೂ ಎರಡು ವರ್ಷದಿಂದ ಕಾಯುತ್ತಿದ್ದಾರೆ.”

ಶೇಷಗಿರಿ ಹಿಂದೆ ಕೂತಿದ್ದವನು ಒಂದು ಚೀಟಿ ಬರೆದು ಮುಂದೆ ಕಳಿಸಿದ. ದಿನವನ್ನು ಮೂರು ಮಾಡುವ ಬದಲು ನಾಲ್ಕು ಮಾಡಬಹುದು. ಒಬ್ಬೊಬ್ಬರಿಗೆ ಆರು ಗಂಟೆ. ಹಾಗೆ ಮಾಡಿದರೆ ನಾಲ್ಕೂ ಊರಲ್ಲಿ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಮುಗಿಯುತ್ತದೆ. ಮೆಕ್ಸಿಕೋದವರು ಈಗಿನ ಹಾಗೆ ರಾತ್ರಿ ಎಂಟೂವರೆಗೆ ಮನೆಗೆ ಹೋಗಬೇಕಿಲ್ಲ. ಆದರೆ ಎಲ್ಲರಿಗೂ ಎರಡು ಗಂಟೆಯ ಕೂಲಿ ತಪ್ಪುತ್ತದೆ.

“ಅದನ್ನು ನಾವು ತೀರ್ಮಾನ ಮಾಡಲಾಗದು,” ಅಂದಿತು ಮಂಡಳಿ. “ಅವರನ್ನೇ ಕೇಳಿ.”

*

ದಾವಣಗೆರೆಯಲ್ಲಿ ಕೇಳಿದಾಗ ಹಾಲ್‌ನಲ್ಲಿ ಗದ್ದಲವೆದ್ದಿತು.

“ತೆಗೀಲಿಲ್ಲ ಅಂತ ಸಕ್ರಿ ಹಂಚೋದ್ರೊಳಗೆ ಎರಡು ತಾಸು ಕಿತ್ಕಂಡ್ರಲ್ಲ!” ಅಂದಳು ಮೆಹಬೂಬಿ. “ನಾನು ಮಗಳ ಲಗ್ನ ಇಟ್ಕಂಡೀನಿ. ಆ ಫಿಜಿಯಾಕಿ ಬಂದು ಕೊಡ್ತಾಳೇನು ಬೀಗರಿಗೆ ಬಿರಿಯಾನಿ?”

“ಹಾಲಮ್ಮ, ನೀನು ಹೇಳವ್ವ,” ಅಂದರು ಯಾರೋ.

ಹಾಲಮ್ಮನಿಗೆ ಹೇಳಲು ಧೈರ್ಯವಿರಲಿಲ್ಲ. ಎರಡು ಗಂಟೆಯ ಕೂಲಿಯೆಂದರೆ ಅವಳ ಮನೆಯಲ್ಲೂ ಅದು ಸಣ್ಣದಲ್ಲ. ಹೇಗೋ ಎದ್ದು ನಿಂತಳು.

“ನಾವು ಕುರ್ಚಿಗೆ ಕಾಯೋ ಆ ಪಟ್ಟಿಯಾಗೆ ಎಷ್ಟು ದಿನ ಇದ್ವಿ, ನೆನಪೈತಾ?” ಅಂದಳು. “ಹದಿನಾಲ್ಕು ತಿಂಗಳು. ಆವಾಗ ನಮ್ಮನಿಯವ್ರು ಗ್ವಾಡಿ ನೋಡ್ತಾ ಮಲಗಿದ್ರು. ಅಲ್ಲೂ ಒಂದು ಗ್ವಾಡಿ ಇರ್ತದೆ. ನಂಗೆ ಅಷ್ಟೇ ಗೊತ್ತು. ಉಳಿದಿದ್ದು ನಿಮ್ಮಿಷ್ಟ.” ಕೂತುಬಿಟ್ಟಳು.

ಕೈ ಎತ್ತಿಸಿದರು. ನಲವತ್ತೊಂದು ಕೈ ಎದ್ದವು. ಇಪ್ಪತ್ತಮೂರು ಏಳಲಿಲ್ಲ. ಮೆಹಬೂಬಿಯ ಕೈ ಅರ್ಧ ಎದ್ದಿತ್ತು. ತಿಪ್ಪೇಸ್ವಾಮಿ ಅದನ್ನು ಎಣಿಸಬೇಕೋ ಬೇಡವೋ ಅಂತ ನಿಂತಾಗ, “ಎಣಿಸಪ್ಪ, ಮತ್ತೇನು ಬಗಲು ನೋಯ್ತದಂತ ಎತ್ತೀನಾ?” ಅಂತ ಗದರಿದಳು. ಎಣಿಕೆ ನಲವತ್ತೆರಡಾಯಿತು. ಪೋರ್ಚುಗಲ್ಲಿನವರೂ ಮೆಕ್ಸಿಕೋದವರೂ ಒಪ್ಪಿದರು ಅಂತ ವಾರದಲ್ಲಿ ಸುದ್ದಿ ಬಂತು.

ಮನೆಯಲ್ಲಿ ಹಾಲಮ್ಮ ಅಳುಕುತ್ತಲೇ ಗಂಡನಿಗೆ ಹೇಳಿದಳು. ಕೊಟ್ರಪ್ಪ ಸೌಟು ಕೆಳಗಿಟ್ಟು ಕೇಳಿದ. ಗೋಡೆಯ ಕಡೆಗೊಮ್ಮೆ ನೋಡಿದ.

“ಎರಡಕ್ಕೇ ಬರ್ತೀಯ ಹಂಗಾದ್ರೆ,” ಅಂದ. “ಒಳ್ಳೇದಾತು. ದಿನಾ ನಾನು ಮಾಡಿದ್ದನ್ನ ನೀನು ತಣ್ಣಗಾದ ಮ್ಯಾಲೆ ತಿಂತಿದ್ದೆ. ಸಂಜೀಕೆ ನಾವಿಬ್ರೂ ಸೇರಿ ಮಂಡಕ್ಕಿ ಮಿರ್ಚಿ ಗಾಡಿ ಹಾಕಾನ. ಗಾಲಿ, ಚೌಕಟ್ಟು ನಾನೇ ಜೋಡಿಸ್ತೀನಿ. ಗಿರಣಿಯಾಗೆ ಎಂತೆಂಥಾವು ಜೋಡ್ಸೀನಿ, ಇದ್ಯಾವ ದೊಡ್ಡದು?”

“ಮಿರ್ಚಿ ಹಿಟ್ಟು ಕಲಸಾಕ್ ಬರ್ತದಾ?”

“ನಿನ್ನ ಕೈ ಯಾವುದಕ್ಕೈತೆ?” ಅಂದ ಕೊಟ್ರಪ್ಪ. “ಪರದೇಶದ್ದು ಮುಗಿಸ್ಕಂಡು ಒಂದೀಟು ನಮ್ ಮನಿಗೂ ಕೊಡು.”

*

ನಾಲ್ಕು ಊರಿನ ಪಾಳಿ ಶುರುವಾದ ಮರುದಿನ ಬೆಳಿಗ್ಗೆ ಹಾಲಮ್ಮ ಎಂದಿನಂತೆ ಕುರ್ಚಿಗೆ ಬಂದಳು. ಇನ್ನು ಮೇಲೆ ಅವಳಿಗಿಂತ ಮೊದಲು ಆ ಗಾಡಿ ಹಿಡಿಯುವವಳು ಫಿಜಿಯವಳು. ಅಲ್ಲಿ ಆಗ ಮಧ್ಯಾಹ್ನ ಎರಡೂವರೆ. ಆಗಷ್ಟೇ ಮುಗಿದದ್ದು ಅವಳ ಮೊದಲ ಪಾಳಿ. ಹೊಸ ಕೈ. ಏನೂ ಇರಲಾರದು ಅಂದುಕೊಂಡೇ ಹಾಲಮ್ಮ ಕೈಗವಸು ತೊಟ್ಟಳು.

ಚಳಿ ತಾಕಿತು. ಆಮೇಲೆ ತೋರುಬೆರಳಿಗೆ ಮೆಲ್ಲಗೆ, ಇದೆಯೋ ಇಲ್ಲವೋ ಎಂಬಂತೆ, ಒಂದು ಎಳೆತ.

ಪರದೆಯಲ್ಲಿ ಒಂದು ಹೊಲಿಗೆ ಕಂಡಿತು. ಅಂಚುಗಳು ಸರಿಯಾಗಿ ಕೂಡಿರಲಿಲ್ಲ. ಸೂಜಿ ಎರಡು ಸಲ ತಪ್ಪಿ ಚುಚ್ಚಿದ ಗುರುತಿತ್ತು. ದಾರ ಸೊಟ್ಟಗೆ, ಸಡಿಲವಾಗಿ ನಿಂತಿತ್ತು. ತನಗೊಂದು ಸಿಕ್ಕಿದ್ದನ್ನು ನೋಡಿ, ತಾನೂ ಒಂದು ಬಿಟ್ಟುಹೋಗಬೇಕು ಅಂತ ಆ ಹೆಂಗಸಿಗೆ ಅನ್ನಿಸಿರಬೇಕು.

ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿತು: ಹೊಲಿಗೆ ಸರಿಯಿಲ್ಲ. ಬಿಚ್ಚಬೇಕೇ?

ಮೆಹಬೂಬಿ ಬಗ್ಗಿ ನೋಡಿದಳು. “ಅಯ್ಯ, ಇದೇನೇ ಇದು, ನಿಮ್ಮೆಜಮಾನ್ರ ಮೊದಲ್ನೇ ರೊಟ್ಟಿ ಇದ್ದಂಗೈತೆ! ಬಿಚ್ಚಿ ಹಾಕು.”

ಹಾಲಮ್ಮ ನಕ್ಕಳು. ‘ಬೇಡ’ ಅನ್ನುವುದನ್ನು ಒತ್ತಿದಳು. ಸಡಿಲವಿದ್ದ ದಾರವನ್ನು ಬೆರಳ ತುದಿಯಿಂದ ಸ್ವಲ್ಪ, ಸ್ವಲ್ಪವೇ ಎಳೆದು ಬಿಗಿ ಮಾಡಿ, ಅಲ್ಲಿಂದಲೇ ಮುಂದಕ್ಕೆ ಹೊಲಿಯತೊಡಗಿದಳು.